ಎದುರಾಳಿ ಪಕ್ಷಗಳು ಒಂದೇ ಸಂಪುಟದಲ್ಲಿ ಕುಳಿತರೆ ನೀತಿ ಬದಲಾಗುತ್ತದೆಯೇ, ನಿಂತಲ್ಲೇ ನಿಲ್ಲುತ್ತದೆಯೇ?

ತುಂಗಾತೀರ
ಸಮ್ಮಿಶ್ರ ಸರ್ಕಾರ ಎಂದ ಕೂಡಲೇ ನಮ್ಮಲ್ಲಿ ಮಾತು ರೆಸಾರ್ಟಿನ ಕಡೆ ಹೊರಳುತ್ತದೆ. ಯಾರು ಯಾರ ಬೆನ್ನಿಗೆ ಚೂರಿ ಹಾಕಿದರು, ಯಾವ ಶಾಸಕ ಯಾವ ವಿಮಾನ ಹತ್ತಿದ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ನನಗೆ ಬೇಕಾಗಿರುವುದು ಬೇರೆ. 2004ರಲ್ಲಿ ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್-ಜೆಡಿಎಸ್ ಸರ್ಕಾರ, 2006ರಲ್ಲಿ ಕುಮಾರಸ್ವಾಮಿ ನೇತೃತ್ವದ ಜೆಡಿಎಸ್-ಬಿಜೆಪಿ ಸರ್ಕಾರ, 2018ರಲ್ಲಿ ಮತ್ತೆ ಕಾಂಗ್ರೆಸ್-ಜೆಡಿಎಸ್. ಮೂರರಲ್ಲಿ ಒಂದೂ ಐದು ವರ್ಷ ಬಾಳಲಿಲ್ಲ, ಸರಿ. ಆದರೆ ಇದ್ದಷ್ಟು ದಿನ ಯಾವ ನೀತಿಯನ್ನು ಬದಲಿಸಿದವು? ಯಾವುದು ಇಂದಿಗೂ ಉಳಿದಿದೆ?

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಎದುರಾಳಿಗಳು ಒಂದಾದಾಗ ಯಾರೂ ಏನನ್ನೂ ಬಿಟ್ಟುಕೊಡುವುದಿಲ್ಲ. ನಿನ್ನ ಯೋಜನೆ ಇರಲಿ, ನನ್ನದೂ ಇರಲಿ ಎಂದು ಕೂಡಿಸುತ್ತಾ ಹೋಗುತ್ತಾರೆ, ಖರ್ಚನ್ನು ಜನರ ಮೇಲೆ ಹಾಕುತ್ತಾರೆ. ಜಗಳ ಹುಟ್ಟುವ ವಿಷಯ ಏನಿದ್ದರೂ ಮೂಲೆಗೆ. 2018ರ ಜುಲೈ 5ರ ಬಜೆಟ್ಟನ್ನೇ ನೋಡಿ. ಒಂದು ಕಡೆ 34,000 ಕೋಟಿ ರೂಪಾಯಿಯ ಸಾಲಮನ್ನಾ. ಇನ್ನೊಂದು ಕಡೆ ಪೆಟ್ರೋಲ್ ಮೇಲಿನ ತೆರಿಗೆ ಶೇ 30ರಿಂದ 32ಕ್ಕೆ, ಡೀಸೆಲ್ ಮೇಲಿನದು 19ರಿಂದ 21ಕ್ಕೆ. ಅನ್ನಭಾಗ್ಯದ ಅಕ್ಕಿಯನ್ನು 7 ಕಿಲೋದಿಂದ 5ಕ್ಕೆ ಇಳಿಸಿದರು, ಕಾಂಗ್ರೆಸ್ ಗದ್ದಲ ಮಾಡಿದ್ದಕ್ಕೆ ಅದೇ ತಿಂಗಳು ಮತ್ತೆ 7ಕ್ಕೆ ಏರಿಸಿದರು.

ಪಕ್ಷದ ಅಭಿಮಾನವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮಾತಾಡಿ.

ಚನ್ನಪಟ್ಟಣದ ಬೊಂಬೆ
ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ ಎನ್ನುವುದು ಸುಳ್ಳು. ಜೆಡಿಎಸ್ ಪ್ರಣಾಳಿಕೆಯಲ್ಲಿದ್ದದ್ದು 53,000 ಕೋಟಿಯ ಸಂಪೂರ್ಣ ಸಾಲಮನ್ನಾ, ಅದೂ ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ. ಅದು 34,000ಕ್ಕೆ ಇಳಿದದ್ದು ಬಿಟ್ಟುಕೊಟ್ಟಿದ್ದಲ್ಲವೇ?

ಜಮಾಖರ್ಚು
ಬೊಂಬೆಯವರ ಮಾತಿಗೆ ಸೇರಿಸುತ್ತೇನೆ. 224 ಸ್ಥಾನಗಳ ಸದನದಲ್ಲಿ ಬಿಜೆಪಿ 104, ಕಾಂಗ್ರೆಸ್ 80ರ ಆಸುಪಾಸು, ಜೆಡಿಎಸ್ 37. ಮೂರನೆಯ ಸ್ಥಾನದ ಪಕ್ಷಕ್ಕೆ ಮುಖ್ಯಮಂತ್ರಿ ಪದವಿಯೂ ಹಣಕಾಸೂ ಸಿಕ್ಕಿತು, ಕಾಂಗ್ರೆಸ್ಸಿಗೆ ಗೃಹ. ಹೊರಗೆ ಗೃಹ ಖಾತೆ ದೊಡ್ಡದಾಗಿ ಕಾಣುತ್ತದೆ, ಆದರೆ ನೀತಿ ಬದಲಾಗುವುದು ಹಣಕಾಸಿನ ಮೇಜಿನ ಮೇಲೆ. ಖರ್ಚಿರುವ ಪ್ರಸ್ತಾವ ಯಾವ ಇಲಾಖೆಯಿಂದ ಬಂದರೂ ಆರ್ಥಿಕ ಇಲಾಖೆಯ ಸಹಮತಿ ಇಲ್ಲದೆ ಸಂಪುಟದ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಇನ್ನೊಂದು ಪಕ್ಷದ ಸಚಿವ ಎಷ್ಟು ಕೂಗಾಡಿದರೂ ಕಡತ ಅಲ್ಲಿಯೇ ಕೂರುತ್ತದೆ.

ಬಜೆಟ್ ಮಂಡಿಸಬೇಕೇ ಬೇಡವೇ ಎಂಬುದೇ ಆಗ ಮೊದಲ ಜಗಳವಾಗಿತ್ತು, ನೆನಪಿದೆಯೇ? ಫೆಬ್ರವರಿ 16ರಂದು ತಾವು ಪೂರ್ಣ ಬಜೆಟ್ ಮಂಡಿಸಿದ್ದೇವೆ, ಪೂರಕ ಬಜೆಟ್ ಸಾಕು ಎಂಬುದು ಸಿದ್ದರಾಮಯ್ಯನವರ ನಿಲುವು. ಹೊಸ ಸರ್ಕಾರಕ್ಕೆ ಹೊಸ ಬಜೆಟ್ ಬೇಕು ಎಂಬುದು ಕುಮಾರಸ್ವಾಮಿಯವರ ಹಟ. ಕೊನೆಗೆ ಹೊಸ ಬಜೆಟ್ ಬಂತು, ಹಳೆಯ ಬಜೆಟ್ಟಿನ ಯೋಜನೆಗಳೂ ಮುಂದುವರಿದವು. ಹಾಗಾಗಿ ಮೊತ್ತದಲ್ಲಿ ರಾಜಿ ಆಯಿತು, ಪಟ್ಟಿಯಲ್ಲಿ ಆಗಲಿಲ್ಲ. ತುಂಗಾತೀರ ಹೇಳುವ ಕೂಡಿಸುವ ಲೆಕ್ಕ ಅಷ್ಟರ ಮಟ್ಟಿಗೆ ಸರಿ.

ಕಬ್ಬಿನ ಗದ್ದೆ
ನೀವೆಲ್ಲ ಕೋಟಿಯಲ್ಲಿ ಮಾತಾಡುತ್ತೀರಿ. ನಮ್ಮ ಮನೆಯಲ್ಲಿ ಅದು ಹೇಗೆ ಬಂತು ಕೇಳಿ.

ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಅಪ್ಪನ ಹೆಸರಿನಲ್ಲಿ ಸಹಕಾರ ಸಂಘದಲ್ಲಿ ಒಂದು ಬೆಳೆಸಾಲ, ಪೇಟೆಯ ಬ್ಯಾಂಕಿನಲ್ಲಿ ಇನ್ನೊಂದು. ಪಹಣಿ, ಆಧಾರ್, ಪಡಿತರ ಚೀಟಿ ಮೂರನ್ನೂ ತಂದು ಸ್ವಯಂ ಘೋಷಣೆ ಬರೆದುಕೊಡಿ ಎಂದರು. ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆ ಅಜ್ಜನ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಎರಡೂ ಒಬ್ಬನದೇ ಎಂದು ತೋರಿಸಲು ಓಡಾಡಿದ್ದೇ ಓಡಾಡಿದ್ದು. ಬ್ಯಾಂಕಿನ ಸಾಲಕ್ಕೆ ಕುಟುಂಬಕ್ಕೆ 2 ಲಕ್ಷ, ಸಂಘದ ಸಾಲಕ್ಕೆ 1 ಲಕ್ಷ ಎಂದು ಬೇರೆ ಬೇರೆ ಮಿತಿ. ಕುಟುಂಬ ಎಂದರೆ ಪಡಿತರ ಚೀಟಿಯಲ್ಲಿ ಇರುವವರು. ನಮ್ಮ ಚಿಕ್ಕಪ್ಪ ಬೇರೆ ಒಲೆ ಹಚ್ಚಿ ಎಷ್ಟೋ ವರ್ಷವಾಗಿದ್ದರೂ ಚೀಟಿ ಒಂದೇ ಆಗಿತ್ತು. ಇಬ್ಬರ ಸಾಲಕ್ಕೆ ಒಂದೇ ಮಿತಿ ಬಿತ್ತು. ಅಣ್ಣತಮ್ಮಂದಿರ ನಡುವೆ ಆವತ್ತು ನಿಂತ ಮಾತು ಮತ್ತೆ ಸರಿಹೋಗಲಿಲ್ಲ.

ಮನ್ನಾ ಆಗಲಿಲ್ಲ ಎನ್ನುತ್ತಿಲ್ಲ. ಸಂಘದ ಸಾಲ ತೀರಿತು, ಅದಕ್ಕೆ ನಾನು ಇಂದಿಗೂ ಋಣಿ. ಆದರೆ ಇಷ್ಟೊಂದು ಷರತ್ತು ಏಕೆ ಬಂದವು ಎಂದು ಕೇಳಿದರೆ ಉತ್ತರ ಸಮ್ಮಿಶ್ರ ಸರ್ಕಾರದಲ್ಲೇ ಇದೆ. ಒಬ್ಬರಿಗೆ ಪೂರ್ತಿ ಮನ್ನಾ ಬೇಕಿತ್ತು, ಇನ್ನೊಬ್ಬರಿಗೆ ತಮ್ಮ ಭಾಗ್ಯಗಳಿಗೆ ಹಣ ಉಳಿಯಬೇಕಿತ್ತು. ಮಧ್ಯೆ ಸಿಕ್ಕಿದ್ದು ಷರತ್ತುಗಳ ಕಂತೆ.

ಜಮಾಖರ್ಚು
@ಕಬ್ಬಿನ ಗದ್ದೆ, ಷರತ್ತುಗಳಲ್ಲಿ ಕೆಲವು ಬೇಕಾಗಿದ್ದವು. ಆದಾಯ ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಹೊರಗಿಟ್ಟದ್ದು ತಪ್ಪಲ್ಲ.

ಕಬ್ಬಿನ ಗದ್ದೆ
ತಪ್ಪು ಎಂದು ನಾನೂ ಹೇಳಿಲ್ಲ. ಆದರೆ ಕಂತು ತಪ್ಪದೆ ಕಟ್ಟಿದವನಿಗೆ 25,000, ಕಟ್ಟದವನಿಗೆ 2 ಲಕ್ಷ! ಇದನ್ನು ಯಾವ ಪಕ್ಷ ತನ್ನ ನೀತಿ ಎಂದು ಒಪ್ಪಿಕೊಳ್ಳುತ್ತದೆ ಹೇಳಿ. ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಬಯಲುಸೀಮೆ
2018ರಲ್ಲೇ ಏಕೆ ಸುತ್ತುತ್ತಿದ್ದೀರಿ? 2006ರ ಸರ್ಕಾರ ಎರಡು ವರ್ಷವೂ ಇರಲಿಲ್ಲ, ಆದರೆ ಅದರ ಒಂದು ನಿರ್ಧಾರ ನಮ್ಮೂರನ್ನೇ ಬದಲಿಸಿತು. 2007ರ ಜುಲೈ 1ರಿಂದ ಸಾರಾಯಿ ಬಂದ್.

ಚಿತ್ರದುರ್ಗದ ಕಡೆಯ ಹಳ್ಳಿ ನಮ್ಮದು. ಸಾರಾಯಿ ಅಂಗಡಿ ಶಾಲೆಗೆ ಹೋಗುವ ದಾರಿಯಲ್ಲಿತ್ತು. ಹಲ್ಲಿನಿಂದ ಕಚ್ಚಿ ಹರಿದ ಪ್ಲಾಸ್ಟಿಕ್ ಪ್ಯಾಕೆಟ್ಟುಗಳ ಮೇಲೆ ಕಾಲಿಟ್ಟೇ ನಾವು ಶಾಲೆಗೆ ಹೋಗುತ್ತಿದ್ದೆವು. ವಾರದ ಬಟವಾಡೆಯ ಸಂಜೆ ಹೆಂಗಸರು ಆ ಅಂಗಡಿಯ ಮುಂದೆ ನಿಂತು ಗಂಡಂದಿರ ಜೇಬಿನಿಂದ ಹಣ ಕಿತ್ತುಕೊಳ್ಳಲು ಹೆಣಗುತ್ತಿದ್ದರು. ಆ ಅಂಗಡಿ ಹೋಯಿತು. ಅದೇ ವರ್ಷ ಏಪ್ರಿಲ್‌ನಿಂದ ಲಾಟರಿಯೂ ಹೋಯಿತು. ಸಾರಾಯಿ ಗುತ್ತಿಗೆದಾರರ ಕೈ ಎಷ್ಟು ಉದ್ದವಿತ್ತು ಎಂದು ಆ ಕಾಲ ಕಂಡವರಿಗೆ ಗೊತ್ತು. ಒಂದೇ ಪಕ್ಷದ ಬಹುಮತದ ಸರ್ಕಾರಗಳು ಮುಟ್ಟಲು ಹೆದರಿದ್ದನ್ನು ಈ ಇಬ್ಬರು ಸೇರಿ ಮುಟ್ಟಿದರು.

ಗಡಿನಾಡಿಗ
ಸಾರಾಯಿ ಹೋಗಿ ಅಗ್ಗದ ವಿಸ್ಕಿ ಬಂತು. ಕುಡಿತ ಎಲ್ಲಿ ನಿಂತಿತು? ಅಬಕಾರಿ ಆದಾಯವನ್ನು ನಂಬಿಕೊಂಡು ಇಂದಿಗೂ ಬಜೆಟ್ ಮಾಡುತ್ತಾರೆ.

ಬಯಲುಸೀಮೆ
ಕುಡಿತ ನಿಂತಿತು ಎಂದು ನಾನು ಎಲ್ಲಿ ಹೇಳಿದೆ? ಅಂಗಡಿ ಶಾಲೆಯ ದಾರಿಯಿಂದ ಹೋಯಿತು ಎಂದೆ. ನಿಮಗೆ ಅದು ಸಣ್ಣದು, ನಮಗಲ್ಲ.

ತುಂಗಾತೀರ
@ಬಯಲುಸೀಮೆ, ಒಳ್ಳೆಯ ಉದಾಹರಣೆ. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ. ಆ ಸರ್ಕಾರಕ್ಕೆ ಇದು ಸಾಧ್ಯವಾದದ್ದು ಹೇಗೆ?

ಕಡತ ಕಂಡವನು
ಆ ಎರಡೂ ಕಾಲದಲ್ಲಿ ಸರ್ಕಾರಿ ಕಚೇರಿಯಲ್ಲಿದ್ದೆ. ಈಗ ನಿವೃತ್ತ. ಕಂಡದ್ದನ್ನು ಹೇಳುತ್ತೇನೆ.

2006ರಲ್ಲಿ ಮುಖ್ಯಮಂತ್ರಿ ಒಂದು ಪಕ್ಷ, ಹಣಕಾಸು ಇನ್ನೊಂದು ಪಕ್ಷ. ಉಪಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೇ ಬಜೆಟ್ ಮಂಡಿಸುತ್ತಿದ್ದರು. ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿ ಇಡುವ ಭಾಗ್ಯಲಕ್ಷ್ಮಿ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್, ಇವೆಲ್ಲ ಅಲ್ಲಿಂದ ಬಂದವು. ಮುಖ್ಯಮಂತ್ರಿ ಹಳ್ಳಿಗಳಲ್ಲಿ ಗ್ರಾಮ ವಾಸ್ತವ್ಯ ಮಾಡಿ ಜನರ ಬಾಯಲ್ಲಿದ್ದರು. ಇಬ್ಬರಿಗೂ ಸ್ವಂತ ಅಂಗಳ ಇತ್ತು, ಒಬ್ಬರ ಕೆಲಸ ಇನ್ನೊಬ್ಬರ ಹೆಸರನ್ನು ನುಂಗುತ್ತಿರಲಿಲ್ಲ. ಇನ್ನೂ ಮುಖ್ಯವಾದದ್ದು, ಬಿಜೆಪಿ ಆವರೆಗೆ ರಾಜ್ಯದಲ್ಲಿ ಆಳಿದ ಪಕ್ಷವೇ ಅಲ್ಲ. ಅದಕ್ಕೆ ಉಳಿಸಿಕೊಳ್ಳಬೇಕಾದ ಹಳೆಯ ಯೋಜನೆ ಇರಲಿಲ್ಲ, ತೋರಿಸಬೇಕಾದ ಹೊಸದಷ್ಟೇ ಇತ್ತು.

2018ರಲ್ಲಿ ಪರಿಸ್ಥಿತಿ ತಿರುಗುಮುರುಗು. ಐದು ವರ್ಷ ಆಳಿದ ಮುಖ್ಯಮಂತ್ರಿಯೇ ಸಮನ್ವಯ ಸಮಿತಿಯ ಅಧ್ಯಕ್ಷ. ತಾನು ತಂದ ಪ್ರತಿಯೊಂದು ಯೋಜನೆಗೂ ಅವರೇ ಕಾವಲು. ಮೇ 23ಕ್ಕೆ ಪ್ರಮಾಣವಚನ, ಖಾತೆಗಳ ಒಪ್ಪಂದ ಜೂನ್ 1ಕ್ಕೆ, ಸಚಿವರು ಬಂದದ್ದು ಜೂನ್ 6ಕ್ಕೆ. ಎರಡು ವಾರ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೇ ಸರ್ಕಾರ. ಸಾಮಾನ್ಯ ಕಾರ್ಯಕ್ರಮದ ಕರಡು ಮಾಡಲು ಸಮಿತಿ ರಚಿಸಿದ್ದೂ ಕುರ್ಚಿಯಲ್ಲಿ ಕುಳಿತ ಮೇಲೆ. ಏನು ಮಾಡಬೇಕೆಂದು ಒಪ್ಪಿಕೊಳ್ಳದೆ ಯಾರು ಎಲ್ಲಿ ಕೂರಬೇಕೆಂದು ಒಪ್ಪಿಕೊಂಡ ಸರ್ಕಾರ ಅದು. ಅಂಥ ಸರ್ಕಾರದಲ್ಲಿ ಕೆಳಗಿನ ಅಧಿಕಾರಿ ಏನು ಮಾಡುತ್ತಾನೆ? ಹೊಸ ಟಿಪ್ಪಣಿ ಬರೆಯುವುದಿಲ್ಲ. ಹಳೆಯದನ್ನು ಮುಂದುವರಿಸಲು ಯಾರ ಒಪ್ಪಿಗೆಯೂ ಬೇಡ ನೋಡಿ.

ಚನ್ನಪಟ್ಟಣದ ಬೊಂಬೆ
ಜನರ ಮುಲಾಜಿನಲ್ಲಲ್ಲ, ಕಾಂಗ್ರೆಸ್ಸಿನ ಮುಲಾಜಿನಲ್ಲಿದ್ದೇನೆ ಎಂದು ಕುಮಾರಸ್ವಾಮಿಯವರು ಮೊದಲ ವಾರದಲ್ಲೇ ಹೇಳಿದ್ದರು. ಎಲ್ಲರೂ ಬೈದರು. ನಿಜ ಹೇಳಿದ್ದಕ್ಕೆ ಬೈಗುಳ.

ಗಡಿನಾಡಿಗ
ಆ ಮಾತಿಗೆ ಬೈಯುವುದೇ ಸರಿ. ಮತ ಹಾಕಿದವನಿಗೆ ಉತ್ತರ ಕೊಡಬೇಕಾದವರು ಹೀಗೆ ಹೇಳಬಾರದು.

ಮ್ಯೂನಿಕ್ ಕನ್ನಡಿಗ
ನಾನಿರುವ ಜರ್ಮನಿಯಲ್ಲಿ ಇದು ಹಳೆಯ ಕಥೆ. ಅಲ್ಲಿನ ಎರಡು ಮುಖ್ಯ ಎದುರಾಳಿಗಳಾದ, ಬಲಕ್ಕೆ ವಾಲುವ ಸಿಡಿಯು/ಸಿಎಸ್‌ಯು (ಮರ್ಕೆಲ್ ಪಕ್ಷ) ಮತ್ತು ಎಡಕ್ಕೆ ವಾಲುವ ಎಸ್‌ಪಿಡಿ, ಮರ್ಕೆಲ್ ಸರ್ಕಾರದ ಮುಖ್ಯಸ್ಥೆಯಾಗಿದ್ದ ಕಾಲದಲ್ಲೇ ಮೂರು ಸಲ ಒಟ್ಟಿಗೆ ಆಳಿದವು. 2025ರಲ್ಲಿ ಮೆರ್ಟ್ಸ್ ನೇತೃತ್ವದಲ್ಲಿ ಮತ್ತೆ ಸೇರಿವೆ.

ತುಂಗಾತೀರರ ಕೂಡಿಸುವ ಲೆಕ್ಕಕ್ಕೆ ಇಲ್ಲಿ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ. 2005ರ ಚುನಾವಣೆಯಲ್ಲಿ ಮಾರಾಟ ತೆರಿಗೆಯನ್ನು ಶೇ 16ರಿಂದ 18ಕ್ಕೆ ಏರಿಸುತ್ತೇವೆ ಎಂದು ಮರ್ಕೆಲ್ ಪಕ್ಷ ಹೇಳಿತು. ಕೂಡದು ಎಂದು ಎಸ್‌ಪಿಡಿ ಪ್ರಚಾರ ಮಾಡಿತು. ಇಬ್ಬರೂ ಸೇರಿ ಸರ್ಕಾರ ಮಾಡಿದ ಮೇಲೆ 2007ರ ಜನವರಿ 1ರಿಂದ ತೆರಿಗೆ ಎಷ್ಟಾಯಿತು? ಶೇ 19. ಒಬ್ಬರ ಎರಡು, ಇನ್ನೊಬ್ಬರ ಸೊನ್ನೆ, ಕೊನೆಗೆ ಮೂರು.

2014ರಲ್ಲಿ ಪಿಂಚಣಿ. ನಲವತ್ತೈದು ವರ್ಷ ವಂತಿಗೆ ಕಟ್ಟಿದವರು 63ಕ್ಕೇ ನಿವೃತ್ತರಾಗಬಹುದು ಎಂಬುದು ಎಸ್‌ಪಿಡಿ ಬೇಡಿಕೆ. 1992ಕ್ಕಿಂತ ಮೊದಲು ಮಕ್ಕಳನ್ನು ಹೆತ್ತ ತಾಯಂದಿರ ಪಿಂಚಣಿ ಹೆಚ್ಚಬೇಕು ಎಂಬುದು ಇನ್ನೊಂದು ಬದಿಯ ಬೇಡಿಕೆ. ಒಂದೇ ಕಾನೂನಿನಲ್ಲಿ ಎರಡನ್ನೂ ಹಾಕಿ ಜುಲೈ 1ರಿಂದ ಜಾರಿ ಮಾಡಿದರು.

ಆದರೆ ಇನ್ನೊಂದು ಮುಖವೂ ಇದೆ. ಇಲ್ಲಿ ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಎದುರಾಳಿಗಳು ಒಂದಾದಾಗ ಆ ಸಂಖ್ಯೆ ಕೈಗೆಟುಕುತ್ತದೆ. 2006ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯ ಸುಧಾರಣೆ, 2009ರಲ್ಲಿ ಸರ್ಕಾರ ಇಷ್ಟೇ ಸಾಲ ಮಾಡಬೇಕೆಂಬ ಮಿತಿ, ಎರಡೂ ಹೀಗೆಯೇ ಬಂದವು. ಕನಿಷ್ಠ ವೇತನವೂ ಅಷ್ಟೇ, 2015ರ ಜನವರಿಯಿಂದ ಗಂಟೆಗೆ 8.50 ಯೂರೋ. ಮರ್ಕೆಲ್ ಪಕ್ಷ ಒಂಟಿಯಾಗಿ ಆಳುತ್ತಿದ್ದರೆ ಆ ಕಾನೂನು ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಜಮಾಖರ್ಚು
ಎರಡು ಮತ್ತು ಸೊನ್ನೆ ಸೇರಿ ಮೂರು! ನಮ್ಮ ಪೆಟ್ರೋಲಿಗೆ ಎರಡರಲ್ಲೇ ಬಿಟ್ಟರಲ್ಲ.

ಬಯಲುಸೀಮೆ
@ಮ್ಯೂನಿಕ್ ಕನ್ನಡಿಗ, ಮೂಲೆಗೆ ತಳ್ಳಿದ ವಿಷಯಗಳು ಅಲ್ಲಿಯೂ ಇದ್ದವೇ?

ಮ್ಯೂನಿಕ್ ಕನ್ನಡಿಗ
ಇದ್ದವು. ಸಲಿಂಗ ವಿವಾಹ ಅಂಥದ್ದು. ಎಸ್‌ಪಿಡಿಗೆ ಬೇಕಿತ್ತು, ಮರ್ಕೆಲ್ ಪಕ್ಷಕ್ಕೆ ಬೇಡವಾಗಿತ್ತು, ವರ್ಷಗಟ್ಟಲೆ ಹಾಗೇ ಉಳಿಯಿತು. 2017ರ ಜೂನ್ ಕೊನೆಗೆ, ಚುನಾವಣೆ ಹತ್ತಿರ ಬಂದಾಗ, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ದಾರಿಯನ್ನು ಮರ್ಕೆಲ್ ತೆರೆದರು. ಎಸ್‌ಪಿಡಿ ಕೂಡಲೇ ಮತಕ್ಕೆ ಹಾಕಿಸಿತು. 393 ಪರ, 226 ವಿರುದ್ಧ. ಮರ್ಕೆಲ್ ವಿರುದ್ಧವೇ ಮತ ಹಾಕಿದರು, ಕಾನೂನು ಪಾಸಾಯಿತು.

ಇದಕ್ಕೆಲ್ಲ ಬೆಲೆಯೂ ಬಿತ್ತು. ಎರಡು ದೊಡ್ಡ ಪಕ್ಷಗಳು ಆಳುವ ಬದಿಯಲ್ಲೇ ಕುಳಿತರೆ ಸಿಟ್ಟಾದ ಮತದಾರ ಎಲ್ಲಿಗೆ ಹೋಗಬೇಕು? 2017ರಲ್ಲಿ ಕಡು ಬಲಪಂಥದ ಎಎಫ್‌ಡಿ ಶೇ 12.6 ಮತ ಪಡೆದು 94 ಸ್ಥಾನಗಳೊಂದಿಗೆ ಸಂಸತ್ತಿಗೆ ಬಂತು, ಮುಂದೆ ಮುಖ್ಯ ವಿರೋಧ ಪಕ್ಷವೂ ಆಯಿತು.

ಹೇಮಾವತಿ
ಅದು ಹಾಸನ, ಮಂಡ್ಯದಲ್ಲೂ ಆಯಿತು. ನಮ್ಮ ಕಡೆ ಕಾಂಗ್ರೆಸ್ ಮತ್ತು ಜೆಡಿಎಸ್ ಎಂದರೆ ಊರಿಗೆ ಎರಡು ಗುಂಪು. ಡೈರಿ ಚುನಾವಣೆಯಿಂದ ಹಿಡಿದು ದೇವಸ್ಥಾನದ ಜಾತ್ರೆಯವರೆಗೆ ಎದುರುಬದುರು. ಮೇಲೆ ನಾಯಕರು ಕೈ ಕುಲುಕಿದರೆಂದು ಕೆಳಗೆ ಕೈ ಸೇರುವುದಿಲ್ಲ. 2019ರ ಲೋಕಸಭೆಯಲ್ಲಿ ಎರಡೂ ಪಕ್ಷ ಸೇರಿ 28ರಲ್ಲಿ ಗೆದ್ದದ್ದು ಎರಡು. ಮಂಡ್ಯದಲ್ಲಿ ಮುಖ್ಯಮಂತ್ರಿಯ ಮಗ ಸೋತರು, ತುಮಕೂರಿನಲ್ಲಿ ದೇವೇಗೌಡರೇ ಸೋತರು.

ಗಡಿನಾಡಿಗ
ಈಗ ಅದೇ ಜೆಡಿಎಸ್ ಬಿಜೆಪಿ ಜೊತೆ. ಯಾರು ಎದುರಾಳಿ, ಯಾರು ಮಿತ್ರ ಎಂದು ಬರೆದಿಟ್ಟುಕೊಳ್ಳಬೇಕು.

ತುಂಗಾತೀರ
ವಿಷಯಕ್ಕೆ ಬನ್ನಿ ದಯವಿಟ್ಟು. ಚುನಾವಣೆಯ ಸೋಲು ಗೆಲುವಿಗೆ ಬೇರೆ ಜಾಗವಿದೆ.

ಹೇಮಾವತಿ
ವಿಷಯ ಬಿಟ್ಟಿಲ್ಲ. ಕೆಳಗೆ ಒಪ್ಪದ ಮೈತ್ರಿ ಮೇಲೆ ಧೈರ್ಯದ ನಿರ್ಧಾರ ತೆಗೆದುಕೊಳ್ಳಲಾರದು ಎಂದೇ ಹೇಳುತ್ತಿದ್ದೇನೆ. ಟಿಪ್ಪು ಜಯಂತಿ ನೆನಪಿಸಿಕೊಳ್ಳಿ. 2018ರ ನವೆಂಬರ್‌ನಲ್ಲಿ ಸರ್ಕಾರ ಆಚರಿಸಿತು, ಮುಖ್ಯಮಂತ್ರಿ ಬರಲಿಲ್ಲ. ಬೇಕು ಎನ್ನುವವರಿಗೂ ಸಮಾಧಾನವಿಲ್ಲ, ಬೇಡ ಎನ್ನುವವರಿಗೂ ಇಲ್ಲ. 2019ರ ಜುಲೈ ಕೊನೆಗೆ ಬಂದ ಬಿಜೆಪಿ ಸರ್ಕಾರ ಒಂದೇ ಆದೇಶದಲ್ಲಿ ನಿಲ್ಲಿಸಿತು.

ಕಪ್ಪು ಹಲಗೆ
ಸರ್ಕಾರಿ ಶಾಲೆಯ ಶಿಕ್ಷಕಿ ನಾನು. ಮೂಲೆಗೆ ತಳ್ಳುವ ಮಾತು ಎಲ್ಲ ಕಡೆ ನಿಜವಲ್ಲ. ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ನಿರ್ಧಾರ 2006-07ರ ಸಮ್ಮಿಶ್ರ ಸರ್ಕಾರದ್ದು. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ನಿರ್ಧಾರ 2018-19ರದ್ದು. 2019ರ ಜನವರಿಯ ಧಾರವಾಡ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರೇ ವಿರೋಧಿಸಿದರು, ಆದರೂ ಜಾರಿಯಾಯಿತು. ಭಾಷೆಯಷ್ಟು ಜಗಳದ ವಿಷಯ ನಮ್ಮಲ್ಲಿ ಬೇರೆ ಯಾವುದಿದೆ?

ನನಗೆ ಆ ಎರಡನೆಯ ನಿರ್ಧಾರ ಹಿಡಿಸಲಿಲ್ಲ. ಕನ್ನಡದಲ್ಲಿ ತರಬೇತಿ ಪಡೆದ ನಮಗೆ ಕೆಲವೇ ದಿನಗಳ ಶಿಬಿರ ನಡೆಸಿ ಇಂಗ್ಲಿಷಿನಲ್ಲಿ ಗಣಿತ ಕಲಿಸಿ ಎಂದರು. ಮಗು 'ಶೇಷ' ಎಂದರೆ ತಿಳಿಯುತ್ತಿತ್ತು, 'ರಿಮೈಂಡರ್' ಎಂದರೆ ಮುಖ ನೋಡುತ್ತಿತ್ತು. ಆದರೆ ದಾಖಲಾತಿಯ ದಿನ ಇಂಗ್ಲಿಷ್ ವಿಭಾಗದ ಮುಂದೆ ತಂದೆತಾಯಂದಿರ ಸಾಲು ನಿಂತದ್ದನ್ನೂ ಕಂಡಿದ್ದೇನೆ. ನೀತಿ ಬದಲಾಯಿತೇ ಎಂದರೆ ಬದಲಾಯಿತು. ತಯಾರಿ ಇತ್ತೇ ಎಂದರೆ ಇರಲಿಲ್ಲ. ಸರ್ಕಾರ ನಾಳೆ ಬೀಳಬಹುದು ಎಂದು ಗೊತ್ತಿರುವವರಿಗೆ ಘೋಷಣೆಗೆ ಇರುವ ಅವಸರ ತಯಾರಿಗೆ ಇರುವುದಿಲ್ಲ.

ಕಡತ ಕಂಡವನು
ಕಪ್ಪು ಹಲಗೆಯವರ ಕೊನೆಯ ಸಾಲಿಗೆ ನೂರಕ್ಕೆ ನೂರು ಒಪ್ಪಿಗೆ.

ಲಿಫೀ ದಂಡೆ
ಡಬ್ಲಿನ್‌ನಿಂದ ಬರೆಯುತ್ತಿದ್ದೇನೆ. ಐರ್ಲೆಂಡಿನ ಫಿಯಾನಾ ಫಾಯಿಲ್ ಮತ್ತು ಫೀನ್ ಗೇಲ್ ಪಕ್ಷಗಳು 1922-23ರ ಅಂತರ್ಯುದ್ಧದಲ್ಲಿ ಪರಸ್ಪರ ಗುಂಡು ಹಾರಿಸಿದ ಎರಡು ಬಣಗಳಿಂದ ಬಂದವು. ಸುಮಾರು ನೂರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಸರದಿಯಂತೆ ಆಳಿದರು. 2020ರ ಜೂನ್‌ನಲ್ಲಿ ಗ್ರೀನ್ ಪಕ್ಷವನ್ನೂ ಸೇರಿಸಿಕೊಂಡು ಒಂದೇ ಸರ್ಕಾರ ಮಾಡಿದರು. ಮೊದಲ ಅವಧಿಗೆ ಮೀಹೋಲ್ ಮಾರ್ಟಿನ್ ಪ್ರಧಾನಿ, ನಂತರ ಲಿಯೋ ವರಾಡ್ಕರ್ ಎಂದು ಬರೆದುಕೊಂಡರು. 2022ರ ಡಿಸೆಂಬರ್ 17ರಂದು ಮಾರ್ಟಿನ್ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ನನಗೆ ಆ ದಿನ ಜೆಡಿಎಸ್, ಬಿಜೆಪಿ ತಲಾ 20 ತಿಂಗಳು ಮುಖ್ಯಮಂತ್ರಿ ಪದವಿ ಹಂಚಿಕೊಳ್ಳಬೇಕಿದ್ದ ನಮ್ಮ 20-20 ಒಪ್ಪಂದ ನೆನಪಾಗಿ ಸಂಕಟವಾಯಿತು. 2007ರ ಅಕ್ಟೋಬರ್‌ನಲ್ಲಿ ಅದನ್ನು ಮುರಿದದ್ದಕ್ಕೆ ನಮ್ಮ ರಾಜ್ಯ ಎಷ್ಟು ಕಳೆದುಕೊಂಡಿತು!

ಇಲ್ಲಿನ ವ್ಯತ್ಯಾಸ ಇಷ್ಟೇ. ಕಾರ್ಯಕ್ರಮವನ್ನು ಮೊದಲು ಬರೆದರು, ಜನರ ಮುಂದಿಟ್ಟರು, ಮೂರೂ ಪಕ್ಷಗಳು ತಮ್ಮ ಸದಸ್ಯರಿಂದ ಮತ ಹಾಕಿಸಿದವು, ಆಮೇಲೆ ಪ್ರಮಾಣವಚನ. ಆ ಕಾಗದದಲ್ಲಿ ಇಂಗಾಲ ತೆರಿಗೆ ಪ್ರತಿ ವರ್ಷ ಟನ್ನಿಗೆ 7.50 ಯೂರೋದಂತೆ ಏರುತ್ತಾ 2030ಕ್ಕೆ 100 ಯೂರೋ ಮುಟ್ಟಬೇಕು ಎಂದಿತ್ತು. ಅದನ್ನು ಕಾನೂನಿಗೇ ಸೇರಿಸಿದರು. ಪೆಟ್ರೋಲ್, ಗ್ಯಾಸ್ ದುಬಾರಿಯಾಗುವ ತೆರಿಗೆ, ಯಾವ ಪಕ್ಷಕ್ಕೆ ತಾನೇ ಬೇಕು? ಆದರೂ ಪ್ರಧಾನಿ ಬದಲಾದರು, ತೆರಿಗೆಯ ವೇಳಾಪಟ್ಟಿ ಬದಲಾಗಲಿಲ್ಲ.

ಗಡಿನಾಡಿಗ
20-20 ಮುರಿದ ಮೇಲೆ ಯಡಿಯೂರಪ್ಪ ಮೂರು ದಿನ ಮುಖ್ಯಮಂತ್ರಿಯಾಗಿದ್ದರಲ್ಲ, ಆಗಲೂ ಜೆಡಿಎಸ್ ಬೆಂಬಲ ಕೊಡಲಿಲ್ಲ.

ಹೇಮಾವತಿ
ಅದು ಏಳು ದಿನ, 2007ರ ನವೆಂಬರ್ 12ರಿಂದ 19ರವರೆಗೆ. ಮೂರು ದಿನದ್ದು 2018ರ ಮೇ 17ರಿಂದ 19.

ಚನ್ನಪಟ್ಟಣದ ಬೊಂಬೆ
ಐರ್ಲೆಂಡ್ ಹೋಲಿಕೆ ನಮಗೆ ಒಗ್ಗುವುದಿಲ್ಲ. ಅಲ್ಲಿ 17 ಶಾಸಕರು ಒಟ್ಟಿಗೆ ಕಾಲು ಕೀಳುತ್ತಾರೆಯೇ? 2019ರ ಜುಲೈ 23ರಂದು ವಿಶ್ವಾಸಮತ 99-105ಕ್ಕೆ ಬಿತ್ತು. ಕಾಗದದಲ್ಲಿ ಏನೇ ಬರೆದಿದ್ದರೂ ಬೀಳುತ್ತಿತ್ತು. ಅನರ್ಹರಾದವರಲ್ಲಿ ಬಹಳ ಮಂದಿ ಡಿಸೆಂಬರಿನ ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬಂದರು. ಶಿಕ್ಷೆಯೇ ಇಲ್ಲದ ಕಡೆ ಒಪ್ಪಂದಕ್ಕೆ ಯಾರು ಬೆಲೆ ಕೊಡುತ್ತಾರೆ?

ಲಿಫೀ ದಂಡೆ
ಸರ್ಕಾರ ಬೀಳುತ್ತಿತ್ತು, ಒಪ್ಪುತ್ತೇನೆ. ಆದರೆ ನೀತಿ ಬೀಳಬೇಕಾಗಿರಲಿಲ್ಲ. ಬಯಲುಸೀಮೆಯವರು ಹೇಳಿದ ಸಾರಾಯಿ ನಿಷೇಧ ಸರ್ಕಾರ ಬಿದ್ದ ಮೇಲೂ ಉಳಿದಿದೆಯಲ್ಲ? ಕಡತ ಕಂಡವನು ಹೇಳಲಿ, ಭಾಗ್ಯಲಕ್ಷ್ಮಿ ಎಷ್ಟು ಸರ್ಕಾರಗಳನ್ನು ದಾಟಿತು?

ಕಡತ ಕಂಡವನು
ಹಲವನ್ನು ದಾಟಿತು. ಬಾಂಡ್ ಮಗುವಿನ ಹೆಸರಿನಲ್ಲಿತ್ತು, ಹಣ ಕೈಗೆ ಬರುವುದು ಹದಿನೆಂಟು ತುಂಬಿದ ಮೇಲೆ. ಮುಂದೆ ಬಂದ ಯಾವ ಸರ್ಕಾರವೂ ಕೊಟ್ಟ ಬಾಂಡನ್ನು ಹರಿದುಹಾಕಲಾಗದು. ಸಾಲಮನ್ನಾಕ್ಕೆ ಆ ಗುಣವಿಲ್ಲ. ಒಂದು ಸಲ ಹಣ ಹೋಯಿತು, ಮುಂದಿನ ಬೆಳೆಗೆ ರೈತ ಮತ್ತೆ ಸಂಘದ ಬಾಗಿಲಿಗೇ ಬರಬೇಕು. ಎರಡೂ ಸಮ್ಮಿಶ್ರ ಸರ್ಕಾರಗಳೇ, ಆದರೆ ಒಂದು ಬಿಟ್ಟುಹೋದದ್ದು ವ್ಯವಸ್ಥೆ, ಇನ್ನೊಂದು ಬಿಟ್ಟುಹೋದದ್ದು ರಸೀದಿ.

ಕಬ್ಬಿನ ಗದ್ದೆ
ರಸೀದಿ ಎಂದು ಹಗುರವಾಗಿ ಹೇಳಬೇಡಿ ಯಜಮಾನರೇ. ಆ ವರ್ಷ ಆ ರಸೀದಿಯಿಂದಲೇ ನಮಗೆ ಹೊಸ ಬೆಳೆಸಾಲ ಹುಟ್ಟಿತು.

ತುಂಗಾತೀರ
@ಕಡತ ಕಂಡವನು, 2004ರ ಧರ್ಮಸಿಂಗ್ ಸರ್ಕಾರವನ್ನು ಯಾರೂ ಮುಟ್ಟಲೇ ಇಲ್ಲ. ಆಗ ಸಿದ್ದರಾಮಯ್ಯ ಜೆಡಿಎಸ್‌ನಿಂದ ಉಪಮುಖ್ಯಮಂತ್ರಿ, ಹಣಕಾಸೂ ಅವರ ಬಳಿಯೇ. ಅಲ್ಲಿ ಉಳಿಯುವಂಥದ್ದು ಏನಾದರೂ ಆಯಿತೇ?

ಕಡತ ಕಂಡವನು
2005ರಲ್ಲಿ ಅವರನ್ನೇ ಸಂಪುಟದಿಂದ ತೆಗೆದರು. ಬಜೆಟ್ ಬರೆದವರೇ ಹೊರಗೆ ಹೋದ ಮೇಲೆ ಕಡತಗಳು ಯಾರ ಮುಖ ನೋಡಬೇಕು ಹೇಳಿ. ಆ ಕಾಲದ ನೀರಾವರಿ ಇಲಾಖೆಯವರು ಯಾರಾದರೂ ಇದ್ದರೆ ಬರೆಯಲಿ, ಅವರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ.